ವಿಮಾನದ ಎಂಜಿನ್ ಅಂಗಡಿಗೆ ಬಂದ ಚಳಿಗಾಲ

ಕಳೆದ ವಾರ ಒಂದು ಬಿಡಿಭಾಗ ತರಲು ಸೊರಬಕ್ಕೆ ಹೋಗಿದ್ದೆ. ಬಸ್ ಇಳಿದು ನಡೆಯುವಾಗ ರಸ್ತೆಯ ಅಂಚಿನಲ್ಲಿ ಒಬ್ಬರು ಕಳೆ ಹೊಡೆಯುವ ಮಷೀನನ್ನು ಹೆಗಲಿಗೆ ತಗುಲಿಸಿಕೊಂಡು ಒಣಹುಲ್ಲು ಸವರುತ್ತಿದ್ದರು. ಎಣ್ಣೆ ಬೆರೆಸಿದ ಪೆಟ್ರೋಲ್ ಉರಿದ ನೀಲಿ ಹೊಗೆ ಮೂಗಿಗೆ ಬಂತು. ನಿಂತೆ. ಹೊಗೆಯ ಹಿಂದೆಯೇ ಸದ್ದನ್ನೂ ಕೇಳಿಸಿಕೊಂಡೆ. ಸ್ವಲ್ಪ ಗೊರಗೊರ ಇತ್ತು. ಪೆಟ್ರೋಲ್ ಬೇಕಾದ್ದಕ್ಕಿಂತ ತುಸು ಹೆಚ್ಚು ಹೋಗುತ್ತಿದೆ, ಪರವಾಗಿಲ್ಲ, ಎಂಜಿನ್ ಬದುಕುತ್ತದೆ ಅಂದುಕೊಂಡು ಮುಂದೆ ಹೋದೆ. ದಾರಿಯಲ್ಲಿ ಕಂಡವರ ಎಂಜಿನ್ನಿಗೆಲ್ಲ ಹೀಗೆ ಕಿವಿ ಕೊಡುವ ಅಭ್ಯಾಸ ನನಗೆ ಮೊದಲು ಇರಲಿಲ್ಲ. ಅದು ಬಂದದ್ದು ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಮೇಷ್ಟ್ರೊಬ್ಬರ ವಿಮಾನದ ಎಂಜಿನ್ ನಮ್ಮ ಅಂಗಡಿಯಲ್ಲಿದ್ದಾಗ. ಆ ಚಳಿಗಾಲವನ್ನು ನೆನೆದರೆ ಈಗಲೂ ಮೊದಲು ನೆನಪಿಗೆ ಬರುವುದು ದಣಿವು.

ಪಿಯುಸಿಯಿಂದ ನಾನು ದಿನಚರಿ ಬರೆಯುತ್ತೇನೆ. ತಾರೀಖು, ಹವೆ, ಅಂಗಡಿಗೆ ಬಂದ ಮಷೀನುಗಳು, ರಿಪೇರಿಯಾಗಿ ಹೋದವು. ಮನಸ್ಸಿನಲ್ಲಿ ಏನಾಯಿತು ಎಂದು ಬರೆಯುವ ರೂಢಿ ಇಲ್ಲ. ಹಾಗಾಗಿ ಆ ಜನವರಿಯ ಪುಟಗಳನ್ನು ತೆರೆದರೆ ‘ಬೆಳಿಗ್ಗೆ ಮಂಜು. ಎರಡು ಬಂದವು, ಒಂದು ಹೋಯಿತು’ ಎಂಬಂಥ ಸಾಲುಗಳೇ ಇವೆ. ಉಳಿದದ್ದನ್ನು ನೆನಪಿನಿಂದಲೇ ಹೇಳಬೇಕು.

ನಮ್ಮದು ಶಿಕಾರಿಪುರದಲ್ಲಿ ಸಣ್ಣ ಎಂಜಿನ್ನುಗಳ ರಿಪೇರಿ ಅಂಗಡಿ. ಔಷಧಿ ಹೊಡೆಯುವ ಮಷೀನು, ಕಳೆ ಮಷೀನು, ಮರ ಕೊಯ್ಯುವ ಗರಗಸ, ಇಂಥವು ಬರುತ್ತವೆ. ಡಿಪ್ಲೊಮಾ ಮುಗಿಸಿದ ಮೇಲೆ ಮಗಳಾದ ನಾನೂ ಅಪ್ಪನ ಜೊತೆ ಅಲ್ಲೇ ಕೂತೆ. ಅಪ್ಪನನ್ನು ಊರಲ್ಲಿ ಬಸಣ್ಣ ಎನ್ನುತ್ತಾರೆ. ಅಂಗಡಿಗೆ ಬೋರ್ಡ್ ಇಲ್ಲ, ಬೇಕಾಗಿಯೂ ಇರಲಿಲ್ಲ. ಕಾರ್ಬೊರೇಟರಿನ ಸ್ಕ್ರೂವನ್ನು ಕಿವಿಯಿಂದಲೇ ಸರಿ ಮಾಡುವವರು ಎಂದು ತೊಗರ್ಸಿಯಿಂದಲೂ ಕುಪ್ಪಗಡ್ಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಅಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಆ ಸ್ಕ್ರೂಗೆ ಇಟ್ಟರೆಂದರೆ ಅಂಗಡಿಯಲ್ಲಿ ಮಾತು ನಿಲ್ಲಬೇಕು. ಗಿರಾಕಿಗಳು ಫೋನಿಟ್ಟು ಸುಮ್ಮನಾಗುತ್ತಿದ್ದರು. ಪಕ್ಕದ ಮಳಿಗೆಯ ಟೈಲರ್ ಖಾದರ್ ಸಾಬರು ಹೊಲಿಗೆ ಮಷೀನಿನ ಪೆಡಲಿನಿಂದ ಕಾಲು ತೆಗೆಯುತ್ತಿದ್ದರು. ಅಪ್ಪ ಕಣ್ಣು ಮುಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮಣಿಕಟ್ಟನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಕಣ್ಣು ತೆರೆದರೆ ಕೆಲಸ ಮುಗಿಯಿತೆಂದು ಅರ್ಥ.

ಆ ಸ್ಕ್ರೂ ಮಾಡುವುದು ಇಷ್ಟೇ. ಒಳಗೆ ತಿರುಗಿಸಿದರೆ ಎಂಜಿನ್ನಿಗೆ ಪೆಟ್ರೋಲ್ ಕಡಿಮೆ, ಹೊರಗೆ ತಿರುಗಿಸಿದರೆ ಹೆಚ್ಚು. ಹೆಚ್ಚಾದರೆ ಗಂಟಲಲ್ಲಿ ನೀರು ಮುಕ್ಕಳಿಸಿದ ಹಾಗೆ ಗೊರಗೊರ ಎನ್ನುತ್ತದೆ, ಹೊಗೆ ಬರುತ್ತದೆ, ಕೇಡೇನಿಲ್ಲ. ಕಡಿಮೆಯಾದರೆ ಸದ್ದು ತೆಳ್ಳಗೆ, ಚೂಪಾಗುತ್ತದೆ. ಕೇಳಲು ಹಿತ, ಆದರೆ ಎಂಜಿನ್ನಿನ ಎಣ್ಣೆಯೂ ಆ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ಪಿಸ್ಟನ್ ಒಣಗಿ ಕಾದು ಸಿಲಿಂಡರಿಗೆ ಕಚ್ಚಿ ಹಿಡಿದುಕೊಳ್ಳುತ್ತದೆ. ಗೊರಗೊರ ನಿಂತು, ಚೂಪು ಇನ್ನೂ ಶುರುವಾಗದ ಒಂದು ಜಾಗವಿದೆ. ಅಪ್ಪನ ಹೆಸರು ನಿಂತಿದ್ದು ಆ ಜಾಗದ ಮೇಲೆ.

ಮೇಷ್ಟ್ರು ಬಂದದ್ದು ಸಂಕ್ರಾಂತಿಗೆ ಮೊದಲು. ಕುಪ್ಪಗಡ್ಡೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಹೆಸರು ಮಂಜಪ್ಪ. ಹಗುರ ಮರದ ಪಟ್ಟಿ ಅಂಟಿಸಿ, ಮೇಲೆ ತೆಳು ಹಾಳೆ ಬಿಗಿದು, ರಿಮೋಟಿನಲ್ಲಿ ಹಾರಿಸುವ ವಿಮಾನವೊಂದನ್ನು ತಾವೇ ಕಟ್ಟಿದ್ದರು. ರೆಕ್ಕೆ ನನ್ನ ಎರಡೂ ಕೈ ಚಾಚಿದರೂ ಸಾಲದಷ್ಟು ಅಗಲ. ಅದಕ್ಕೆ ಹಾಕಲು ಯಾರಿಂದಲೋ ಹಳೆಯ ಪೆಟ್ರೋಲ್ ಎಂಜಿನ್ ಕೊಂಡು, ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಕೊಟ್ಟವರು ಎಲ್ಲವನ್ನೂ ಸಡಿಲ ಮಾಡಿ ಕೊಟ್ಟಿದ್ದರು. ಕಿಡಿ ಯಾವಾಗ ಹಾರಬೇಕು ಎನ್ನುವ ಟೈಮಿಂಗ್ ಕೂಡ ಹೋಗಿತ್ತು. ಗದ್ದೆ ಕೊಯ್ಲಾಗಿ ನೆಲ ಗಟ್ಟಿಯಾಗಿದೆ, ಮೊದಲ ಮಳೆಗೆ ಉಳುವುದರೊಳಗೆ ಹಾರಿಸಬೇಕು, ಆಮೇಲೆ ಇಳಿಸಲು ಜಾಗ ಸಿಗುವುದಿಲ್ಲ ಎಂದರು. ಅಪ್ಪ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡಿ, ಇದು ಕಳೆ ಮಷೀನಿನ ಎಂಜಿನ್ನಿನ ತಮ್ಮನೇ, ಆಗ್ತದೆ ಬಿಡಿ ಎಂದರು.

ಮೊದಲು ಟೈಮಿಂಗ್. ಪಿಸ್ಟನ್ ತುತ್ತತುದಿಗೆ ಬರುವುದಕ್ಕೆ ಇಪ್ಪತ್ತೆಂಟು ಡಿಗ್ರಿ ಮುಂಚೆ ಕಿಡಿ ಹಾರಬೇಕು ಎಂದು ಮೇಷ್ಟ್ರು ಓದಿಕೊಂಡು ಬಂದಿದ್ದರು. ವಿಮಾನದ ಮೂಗಿನಲ್ಲಿ ತಿರುಗುವ ಫ್ಯಾನಿನ ಹಿಂದಿನ ಬಿಲ್ಲೆಯಲ್ಲಿ ಒಂದು ಅಯಸ್ಕಾಂತ, ಅದರ ಎದುರು ಒಂದು ಸೆನ್ಸರ್. ಅಯಸ್ಕಾಂತ ಹಾದುಹೋದಾಗ ಕಿಡಿ. ಸೆನ್ಸರನ್ನು ಹಿಂದೆ ಮುಂದೆ ಸರಿಸಿ ಬಿಗಿ ಮಾಡಬೇಕು. ಡಿಗ್ರಿ ಅಳೆಯಲು ಮೇಷ್ಟ್ರು ಶಾಲೆಯಲ್ಲಿ ಕರಿಹಲಗೆಗೆ ಬಳಸುತ್ತಿದ್ದ ಮರದ ದೊಡ್ಡ ಕೋನಮಾಪಕವನ್ನೇ ತಂದಿದ್ದರು. ಅದನ್ನು ಎಂಜಿನ್ನಿನ ಮುಂದೆ ಹಿಡಿಯುವ ಕೆಲಸ ನನ್ನದು. ಅಪ್ಪ ಗುರುತು ಹಾಕಿ, ಸೆನ್ಸರ್ ಬಿಗಿದು, ಹಿತ್ತಲಿನ ಬೆಂಚಿಗೆ ಎಂಜಿನ್ ಕಟ್ಟಿ ಸ್ಟಾರ್ಟ್ ಮಾಡಿದರು. ಬಹಳ ಹೊತ್ತಿನ ಮೇಲೆ ಒಲ್ಲದ ಮನಸ್ಸಿನಿಂದ ಎದ್ದಂತೆ ಎದ್ದಿತು. ಶಕ್ತಿಯಿಲ್ಲ, ಸೈಲೆನ್ಸರ್ ಮಾತ್ರ ಕೆಂಡ.

ಮೂರು ದಿನ ಕಾರಣ ಹುಡುಕಿದೆವು. ಪ್ಲಗ್ ಬದಲಿಸಿದೆವು, ಕಾರ್ಬೊರೇಟರ್ ಬಿಚ್ಚಿ ತೊಳೆದೆವು. ಕಾರಣ ಸಿಕ್ಕಾಗ ಅಪ್ಪ ಹಣೆ ಚಚ್ಚಿಕೊಂಡರು. ನಮ್ಮ ಮಷೀನುಗಳನ್ನೆಲ್ಲ ಸ್ಟಾರ್ಟ್ ಮಾಡಲು ಹಗ್ಗ ಎಳೆಯುವ ಕಡೆಯಿಂದ ನೋಡುತ್ತೇವೆ. ಆ ಕಡೆಯಿಂದ ಎಂಜಿನ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ವಿಮಾನವನ್ನು ನೋಡುವುದು ಫ್ಯಾನಿನ ಎದುರು ನಿಂತು, ಅಲ್ಲಿಂದ ಅದು ಎಡಕ್ಕೆ ತಿರುಗುತ್ತದೆ. ಅಪ್ಪನ ಕೈ ಎಷ್ಟೋ ವರ್ಷದ ರೂಢಿಯಂತೆ ಬಲಕ್ಕೇ ಲೆಕ್ಕ ಹಿಡಿದಿತ್ತು. ಮುಂಚೆ ಹಾರಬೇಕಾದ ಕಿಡಿ ಅಷ್ಟೇ ಡಿಗ್ರಿ ತಡವಾಗಿ ಹಾರುತ್ತಿತ್ತು.

“ಬಸಣ್ಣ, ಮದುವೆ ಊಟ ಮುಗಿದ ಮೇಲೆ ಮುಹೂರ್ತಕ್ಕೆ ಹೋದಂಗಾಯ್ತಲ್ಲ ಮಾರಾಯ” ಎಂದರು ಮೇಷ್ಟ್ರು.

“ನೀವು ವಿಮಾನಾನ ಹಿಂದುಮುಂದು ಕಟ್ಟೀರಿ, ನಾ ಏನು ಮಾಡ್ಲಿ” ಎಂದು ಅಪ್ಪ ಸೆನ್ಸರನ್ನು ಆಚೆ ಬದಿಗೆ ತಂದರು. ಮುಂದಿನ ಸಲ ಎಂಜಿನ್ ಮೊದಲ ತಿರುವಿಗೇ ಎದ್ದಿತು. ಫ್ಯಾನಿನ ಗಾಳಿಗೆ ಅವ್ವ ಒಣಹಾಕಿದ್ದ ಸಂಡಿಗೆಯ ಬಟ್ಟೆ ಬೇಲಿಗೆ ಹಾರಿತು. ಆ ಚಳಿಗಾಲದಲ್ಲಿ ನಾವೆಲ್ಲ ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಇರಬೇಕು.

ಆಮೇಲೆ ಕಾರ್ಬೊರೇಟರ್. ಅದು ಅಪ್ಪನ ರಾಜ್ಯ. ಮೇಷ್ಟ್ರು ಒಂದು ಸಣ್ಣ ಮೀಟರ್ ಕೊಟ್ಟಿದ್ದರು. ತಿರುಗುವ ಫ್ಯಾನಿನ ಎದುರು ಹಿಡಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುತ್ತದೆ. ಅಪ್ಪನಿಗೆ ಅದರ ಮೇಲೆ ನಂಬಿಕೆಯಿಲ್ಲ. ಅಂಗಡಿಯೊಳಗೆ ಅದನ್ನು ಸುಮ್ಮನೆ ಟ್ಯೂಬ್‌ಲೈಟಿನ ಕಡೆ ಹಿಡಿದಾಗ ಮೂರು ಸಾವಿರ ಎಂದು ತೋರಿಸಿತು, ಅಲ್ಲಿಂದ ಅದಕ್ಕೆ ‘ಟ್ಯೂಬ್‌ಲೈಟ್ ಓಡ್ಸೋ ಮೀಟ್ರು’ ಎಂದೇ ಹೆಸರಿಟ್ಟರು. ಕರೆಂಟಿನ ಮಿಣುಕಿಗೆ ಅದು ಅಷ್ಟೇ ತೋರಿಸಬೇಕು, ಅಂದರೆ ಮೀಟರ್ ಸರಿಯಿದೆ ಎಂದು ನಾನು ವಿವರಿಸಿದ್ದು ಉಪಯೋಗವಾಗಲಿಲ್ಲ.

ಅಪ್ಪ ಪೂರ್ತಿ ರೇಸ್ ಕೊಟ್ಟು ಸ್ಕ್ರೂ ಒಳಗೆ ತಿರುಗಿಸುತ್ತಾ ಹೋದರು. ಮೀಟರಿನಲ್ಲಿ ಸುತ್ತು ಏರಿತು, ಏರಿತು, ಏಳು ಸಾವಿರದ ಹತ್ತಿರ ನಿಂತಿತು. ಅಪ್ಪ ಕಣ್ಣು ತೆರೆಯಲಿಲ್ಲ. ಇನ್ನೂ ಒಳಗೆ ತಿರುಗಿಸಿದರು. ಸುತ್ತು ಇಳಿಯತೊಡಗಿತು. ಆಗಲೂ ಅವರಿಗೆ ಗೊರಗೊರ ಕೇಳುತ್ತಿದೆ. ನನ್ನ ಕಿವಿಗೆ ಆ ಸದ್ದು ತೆಳ್ಳಗೆ, ಹಲ್ಲು ಜುಮ್ಮೆನ್ನುವಂತೆ ಇತ್ತು. ಆದರೆ ಕೇಳುವವರು ಅಪ್ಪ, ನಾನು ಮೀಟರ್ ಹಿಡಿದವಳು. ನನ್ನ ಕಿವಿಯನ್ನು ನಾನು ನಂಬಲಿಲ್ಲ.

ಜನವರಿಯ ಕೊನೆಯಲ್ಲಿ ಕುಪ್ಪಗಡ್ಡೆಯ ಗದ್ದೆಯಲ್ಲಿ ಹಾರಿಸಿದರು. ಕಾಡಂಚಿನ ಗದ್ದೆ ಬೇಡ, ಮಂಗನ ಕಾಯಿಲೆಯ ಕಾಲ, ವಿಮಾನ ಕಾಡಿಗೆ ಬಿದ್ದರೆ ಅದನ್ನು ಹರಡುವ ಉಣ್ಣೆಹುಳುಗಳ ನಡುವೆ ಹುಡುಕಲು ಆಗುವುದಿಲ್ಲ ಎಂದು ಮೇಷ್ಟ್ರು ಊರ ಹತ್ತಿರದ ಬಯಲನ್ನೇ ಆರಿಸಿದ್ದರು. ಭತ್ತದ ಕೂಳೆಯನ್ನು ಸವರಿ ಒಂದು ಉದ್ದನೆಯ ಹಾದಿ ಮಾಡಿದ್ದರು. ವಿಮಾನ ಚೆನ್ನಾಗಿ ಓಡಿತು, ಎದ್ದಿತು, ತೆಂಗಿನ ಮರದಷ್ಟು ಎತ್ತರ ಹೋಯಿತು. ಅಲ್ಲಿ ಸದ್ದು ಸೊರಗಿ, ಒಮ್ಮೆ ಬಿಕ್ಕಿ, ನಿಂತಿತು. ಮೇಷ್ಟ್ರು ಹೇಗೋ ಗಾಳಿಯಲ್ಲಿ ತೇಲಿಸಿ ಪಕ್ಕದ ಗದ್ದೆಗೆ ಇಳಿಸಿದರು. ಚಕ್ರದ ಕಾಲು ಮುರಿಯಿತು. ಮುಟ್ಟಿದರೆ ಬೆರಳು ಸುಡುವಷ್ಟು ಎಂಜಿನ್ ಕಾದಿತ್ತು.

ಪೆಟ್ರೋಲ್ ಸರಿಯಿಲ್ಲ, ಈಗ ಅದರಲ್ಲಿ ಏನೇನೋ ಬೆರೆಸುತ್ತಾರೆ ಎಂದರು ಅಪ್ಪ. ಮೇಷ್ಟ್ರು ಹೌದೆಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪ ಪೆಟ್ರೋಲನ್ನು ಬೈದರು. ನಾನು ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಬಂದವಳಂತೆ ಕೂತಿದ್ದೆ.

ಫೆಬ್ರವರಿ ನಮ್ಮ ಅಂಗಡಿಗೆ ಬಿಡುವಿಲ್ಲದ ತಿಂಗಳು. ಮಾವಿನ ಹೂವಿಗೆ ಔಷಧಿ ಹೊಡೆಯುವ ಕಾಲ, ಬೆಂಕಿಗೆ ಹೆದರಿ ತೋಟದ ಸುತ್ತ ಒಣಹುಲ್ಲು ಸವರುವ ಕಾಲ. ಆ ವರ್ಷ ಹೋದ ಮಷೀನುಗಳು ತಿರುಗಿ ಬರತೊಡಗಿದವು. ಪಿಸ್ಟನ್ ಹಿಡಿದುಕೊಂಡಿತ್ತು, ಸಿಲಿಂಡರಿನಲ್ಲಿ ಗೀರುಗಳು. ಒಂದು ಬಂದರೆ ತಪ್ಪು ಪೆಟ್ರೋಲಿನದು, ಎರಡು ಬಂದರೆ ಎಣ್ಣೆಯದು. ಆಮೇಲೆ ಅಪ್ಪ ಕಾರಣ ಹೇಳುವುದನ್ನು ನಿಲ್ಲಿಸಿ, ಸುಮ್ಮನೆ ತೆಗೆದುಕೊಂಡು ಬಿಚ್ಚುತ್ತಿದ್ದರು. ತೊಗರ್ಸಿಯ ಹಳೆಯ ಗಿರಾಕಿಯೊಬ್ಬರು ಹಿಡಿದುಕೊಂಡಿದ್ದ ಗರಗಸವನ್ನು ಬೆಂಚಿನ ಮೇಲಿಟ್ಟು ಒಂದೇ ಮಾತು ಹೇಳಿದರು:

“ನಿಮ್ಮ ಕೈಯಾಗೆ ಹೋದದ್ದು ಹಿಂಗೆ ವಾಪಸ್ ಬರ್ತಿರಲಿಲ್ಲ ಬಸಣ್ಣ.”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಅಪ್ಪ ಜಗಳವಾಡಿ ಹಗುರಾಗುತ್ತಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ಹೊಸ ಕೆಲಸ, ನಡುವೆ ಹಳೆಯದನ್ನು ಮತ್ತೆ ಮಾಡುವ ಕೆಲಸ. ಕೈಯ ಗೆರೆಗಳಲ್ಲಿ ಕೂತ ಮಸಿ ಸೋಪಿಗೆ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ಇಬ್ಬರಿಗೂ ಮಾತು ಬೇಡವಾಗಿತ್ತು.

ಆ ತಿಂಗಳ ನಡುವೆ ಮೇಷ್ಟ್ರು ಚಕ್ರ ಸರಿ ಮಾಡಿಸಿ, ಎಂಜಿನ್ನನ್ನೂ ರಿಮೋಟನ್ನೂ ಹಿಡಿದುಕೊಂಡು ಮತ್ತೆ ಬಂದರು. ಬೆಂಚಿಗೆ ಕಟ್ಟಿ, ಓಡಿಸಿ, ನಿಲ್ಲಿಸಿ, ಮುಂದಿನ ಹೆಜ್ಜೆ ಏನೆಂದು ಮಾತಾಡುತ್ತಿದ್ದೆವು. ರಿಮೋಟ್ ಅಪ್ಪನ ಕೈಯಲ್ಲಿತ್ತು, ಎದೆಗೆ ಒತ್ತಿಕೊಂಡಂತೆ. ಅದರ ಬ್ಯಾಟರಿ ಇಳಿದು ಪೀಂ, ಪೀಂ, ಪೀಂ ಎಂದು ಕೂಗತೊಡಗಿತು. ಸೂಜಿಯಂಥ ಸದ್ದು. ಅಪ್ಪ ಮಾತು ಮುಂದುವರಿಸಿದರು. ಖಾದರ್ ಸಾಬರು ಗೋಡೆಯಾಚೆಯಿಂದ ಇಣುಕಿ, ಅದೇನು ಹಕ್ಕಿ ತಂದೀರಿ ಎಂದು ಕೇಳಿದರು. ಮೇಷ್ಟ್ರು “ಬಸಣ್ಣ, ಬ್ಯಾಟ್ರಿ” ಎಂದರು. ಅಪ್ಪ ಬಗ್ಗಿ ಎಂಜಿನ್ನಿನ ಬ್ಯಾಟರಿಯ ವೈರು ಮುಟ್ಟಿ ನೋಡಿ, ಸರಿ ಐತಲ್ರೀ ಎಂದರು. ಅವರ ಕೈಯಲ್ಲೇ ಅದು ಕೂಗುತ್ತಿತ್ತು.

ಮೇಷ್ಟ್ರು ನನ್ನನ್ನು ನೋಡಿದರು. ನಾನು ಹೋಗಿ ಅಪ್ಪನ ಕೈಯಿಂದ ರಿಮೋಟ್ ತೆಗೆದುಕೊಂಡು ಸ್ವಿಚ್ ಆರಿಸಿದೆ. ಚಾರ್ಜ್ ಹಾಕ್ಬೇಕು ಎಂದೆ, ಅಷ್ಟೆ.

ಗೊರಗೊರ ದಪ್ಪ ಸದ್ದು, ಅದು ಅಪ್ಪನಿಗೆ ಕೇಳುತ್ತಿತ್ತು. ಚೂಪು ಸದ್ದು ಕೇಳುತ್ತಿರಲಿಲ್ಲ. ಆದ್ದರಿಂದ ಯಾವ ಎಂಜಿನ್ನೂ ಅವರಿಗೆ ಸದಾ ಗೊರಗೊರವೇ. ಅದು ಪೂರಾ ಹೋಗುವ ತನಕ ಸ್ಕ್ರೂವನ್ನು ಒಳಗೆ ತಿರುಗಿಸುತ್ತಿದ್ದರು, ಅಷ್ಟು ಹೊತ್ತಿಗೆ ಪಿಸ್ಟನ್ ಸಾಯುವ ಹಾದಿ ಹಿಡಿದಿರುತ್ತಿತ್ತು. ಇದನ್ನೆಲ್ಲ ಕೂಡಿಸಿಕೊಳ್ಳಲು ನನಗೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಕಾಯಿತು. ಅಷ್ಟು ಸುಲಭವಾಗಿತ್ತು.

ಸಂಜೆ ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಗೊತ್ತೈತಿ. ಕುಕ್ಕರ್ ಸೀಟಿ ಹೊಡೆದ್ರೆ ಒಲೆ ಆರ್ಸಾದು ನಾನೇ. ಹಿಂದಿನ ವರ್ಷದಿಂದ.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ಕೇಳಿಸುತ್ತದೇನೇ ಎಂದು ಒಣ ನಗೆ ನಕ್ಕಳು. ಆಮೇಲೆ ಮೊರ ಕೆಳಗಿಟ್ಟು, ಅವರಿಗೆ ಅಂಗಡಿ ಎಂದರೆ ಆ ಕಿವಿಯೇ, ಅದು ಹೋಗಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ ದಿನ ಬಾಗಿಲು ಹಾಕಿ ಮನೆಯಲ್ಲಿ ಕೂರುತ್ತಾರೆ, ನೋಡಿಕೋ ಎಂದಳು. ನನಗೂ ಹಾಗೇ ಅನ್ನಿಸಿತು. ಡಾಕ್ಟರ ಮಾತೆತ್ತಲು ಎರಡು ಸಲ ಹೋಗಿ ಎರಡು ಸಲವೂ ಬೇರೇನೋ ಮಾತಾಡಿ ಬಂದೆ.

ಹಾಗಾಗಿ ನಾನು ಇನ್ನೊಂದು ದಾರಿ ಹಿಡಿದೆ. ಅಪ್ಪ ಮಷೀನನ್ನು ಸರಿ ಮಾಡಿ ಪಕ್ಕಕ್ಕಿಡುತ್ತಿದ್ದರು. ಅವರು ಊಟಕ್ಕೆ ಹೋದಾಗ ನಾನು ಪ್ರತಿಯೊಂದರ ಸ್ಕ್ರೂವನ್ನೂ ಸುತ್ತಿನ ಎಂಟನೇ ಒಂದು ಭಾಗ ಹೊರಕ್ಕೆ ತಿರುಗಿಸುತ್ತಿದ್ದೆ. ಅಷ್ಟೇ. ಓಡಿಸಿ ನೋಡುವಂತಿರಲಿಲ್ಲ, ಮನೆ ಹಿಂದೆಯೇ ಇದ್ದದ್ದರಿಂದ ಗೊತ್ತಾಗುತ್ತದೆ. ಅಂದಾಜಿನ ಮೇಲೆ ಮಾಡುತ್ತಿದ್ದೆ. ಮಷೀನುಗಳು ವಾಪಸ್ ಬರುವುದು ಕಡಿಮೆಯಾಯಿತು. ಅಪ್ಪ ಮತ್ತೆ ಸ್ವಲ್ಪ ಮಾತಾಡತೊಡಗಿದರು, ಊಟದಲ್ಲಿ ಇನ್ನೊಂದು ರೊಟ್ಟಿ ಕೇಳತೊಡಗಿದರು. ನನಗೆ ಮಾತ್ರ ಮಧ್ಯಾಹ್ನ ಬಂತೆಂದರೆ ಭಯ. ಬಾಗಿಲ ಕಡೆ ಕಣ್ಣಿಟ್ಟು ಸ್ಕ್ರೂ ತಿರುಗಿಸುವುದು, ಅವರು ಬಂದಾಗ ಬಿಲ್ಲು ಬರೆಯುತ್ತಿರುವಂತೆ ಕೂರುವುದು. ಒಂದು ಅಂಗಡಿಯಲ್ಲಿ ಎರಡು ಅಂಗಡಿ ನಡೆಸಿದಂತೆ. ಸಂಜೆಯಾಗುವಷ್ಟರಲ್ಲಿ ಬೆನ್ನು ಬಿದ್ದುಹೋಗುತ್ತಿತ್ತು. ಇದು ಎಷ್ಟು ವರ್ಷ ಎಂದು ಯೋಚಿಸಿದರೆ ಇನ್ನೂ ಸುಸ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಪ್ಪ ಊಟದಿಂದ ಬಂದವರು ಬೆಂಚಿನ ಮುಂದೆ ನಿಂತೇ ಇದ್ದರು. ಆಮೇಲೆ ಕಳೆ ಮಷೀನೊಂದನ್ನು ನನ್ನ ಕಡೆ ತಿರುಗಿಸಿ, ಸ್ಕ್ರೂವಿನ ಸೀಳನ್ನು ಉಗುರಿನಿಂದ ತೋರಿಸಿದರು.

“ಹನ್ನೊಂದು ಗಂಟೆಗೆ ಬಿಟ್ಟು ಹೋಗಿದ್ದೆ. ಒಂಬತ್ತೂವರೆಗೆ ಬಂದೈತಿ.”

ಸೀಳನ್ನು ಅವರು ಗಡಿಯಾರದ ಸಣ್ಣ ಮುಳ್ಳಿನಂತೆ ನೆನಪಿಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

“ಇವತ್ತಿಂದಲ್ಲ ಇದು” ಎಂದರು.

“ಅಲ್ಲ.”

“ಎಲ್ಲಾದಕ್ಕೂ ಮಾಡೀಯೇನು?”

“ಎಲ್ಲಾದಕ್ಕೂ.”

ಬೈಯುತ್ತಾರೆ ಎಂದುಕೊಂಡೆ. ಅಪ್ಪ ಸ್ಟೂಲಿನ ಮೇಲೆ ಕೂತು, ಬನೀನಿನ ತುದಿಯಿಂದ ಕನ್ನಡಕ ಒರೆಸಿದರು, ಹಾಕಿಕೊಳ್ಳಲಿಲ್ಲ. ಆ ಮಷೀನನ್ನು ಮತ್ತೆ ಹನ್ನೊಂದಕ್ಕೆ ತರಲೂ ಇಲ್ಲ. ಅರ್ಧ ದಿನಕ್ಕೇ ಅಂಗಡಿಯ ಬಾಗಿಲೆಳೆದರು. ಮಾರನೆಯ ದಿನ ತೆರೆಯಲಿಲ್ಲ, ಅದರ ಮರುದಿನವೂ ಇಲ್ಲ. ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಮಷೀನು ಕೇಳಿಕೊಂಡು ಬಂದವರಿಗೆ ಅವ್ವ ಮೈ ಸರಿಯಿಲ್ಲ ಎಂದಳು. ಅವಳು ಹೇಳಿದಂತೆಯೇ ಆಗಿತ್ತು. ನಾನು ಬಾಯಿ ತೆರೆಯದೆಯೂ ಆಯಿತು.

ಭಾನುವಾರಕ್ಕೆ ಮೇಷ್ಟ್ರ ಫೋನ್ ಬಂತು. ಎಂಜಿನ್ನನ್ನು ವಿಮಾನಕ್ಕೆ ಕೂರಿಸಿ ಆಗಿತ್ತು. ಪಕ್ಕದ ಗದ್ದೆಯವರು ಮಳೆ ಬಿದ್ದರೆ ಉಳುತ್ತೇವೆಂದು ಹೇಳಿದ್ದರು, ಹಿಂದಿನ ದಿನ ಕ್ಯಾಸನೂರಿನ ಕಡೆ ನಾಲ್ಕು ಹನಿ ಬಿದ್ದಿತ್ತಂತೆ. ಬರಲಾಗುತ್ತದೆಯೋ ಎಂದು ಕೇಳಿದರು. ಫೋನ್ ನನ್ನ ಕೈಯಲ್ಲಿತ್ತು. ಅಪ್ಪನಿಗೆ ಜೋರಾಗಿ ಹೇಳಿದೆ. ಅವರು ಎದ್ದು ಅಂಗಿ ಹಾಕಿಕೊಂಡರು.

ಗದ್ದೆಯಲ್ಲಿ ನಾವು ಮೂವರು, ಮತ್ತೆ ಕುತೂಹಲಕ್ಕೆ ಬಂದು ಬದುವಿನ ಮೇಲೆ ಕೂತ ನಾಲ್ಕೈದು ಜನ. ಮಂಜು ಕರಗಿ ಬಿಸಿಲು ಏರುತ್ತಿತ್ತು. ಮೇಷ್ಟ್ರು ಬಾಲ ಹಿಡಿದು ಕೂತರು. ಅಪ್ಪ ಎಂಜಿನ್ ಎಬ್ಬಿಸಿ, ಪೂರ್ತಿ ರೇಸಿನಲ್ಲಿ ಸ್ಕ್ರೂಗೆ ಕೈಯಿಟ್ಟರು. ಕಣ್ಣು ಮುಚ್ಚಲಿಲ್ಲ. ಸ್ವಲ್ಪ ತಿರುಗಿಸಿ, ಸ್ಕ್ರೂಡ್ರೈವರನ್ನು ನನ್ನ ಪಕ್ಕದ ಡಬ್ಬಿಯ ಮೇಲಿಟ್ಟು, ನೀರು ಕುಡಿಯಬೇಕು ಎಂದು ಬದುವಿನ ಕಡೆ ನಡೆದರು. ಬಾಟಲಿ ನಮ್ಮ ಕಾಲ ಬಳಿಯೇ ಇತ್ತು. ನಾನು ಎಂಟನೇ ಒಂದು ಭಾಗ ಹೊರಕ್ಕೆ ತಿರುಗಿಸಿದೆ. ಅಪ್ಪ ತಿರುಗಿ ಬಂದು ಸ್ಕ್ರೂ ಕಡೆ ನೋಡದೆ, ಬಿಡ್ರಿ ಮೇಷ್ಟ್ರೆ ಎಂದರು.

ವಿಮಾನ ಎದ್ದಿತು. ತೆಂಗಿನ ಎತ್ತರ ದಾಟಿ, ದೊಡ್ಡ ಸುತ್ತು ಹಾಕಿ, ಕೆರೆಯ ಕಡೆ ದೂರ ಹೋಗಿ ಬೆಳ್ಳಕ್ಕಿಯಷ್ಟಾಯಿತು. ಬದುವಿನವರು ಎದ್ದು ನಿಂತರು. ಅಪ್ಪ ಕೈಯನ್ನು ಹಣೆಗಿಟ್ಟು ನೋಡುತ್ತಿದ್ದವರು ನನ್ನ ಹತ್ತಿರ ಸರಿದು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು:

“ನಂಗೆ ಸದ್ದು ನಿಂತು ಹೋತು. ನಿಂಗೆ ಕೇಳ್ತತೇನು?”

“ಕೇಳ್ತದಪ್ಪ. ಓಡ್ತಾ ಐತಿ.”

“ಹೆಂಗೈತಿ?”

ಹೇಗಿದೆ ಎಂದು ಹೇಳುವುದು ನನಗೆ ಗೊತ್ತಿರಲಿಲ್ಲ. ಎರಡು ತಿಂಗಳಿಂದ ಆ ಎಂಜಿನ್ನಿನ ಪಕ್ಕದಲ್ಲಿದ್ದರೂ ಅದರ ಸದ್ದನ್ನು ಯಾರಿಗೂ ಮಾತಿನಲ್ಲಿ ಹೇಳಿದವಳಲ್ಲ. ಶುರುವಿಗೆ ದಪ್ಪಗಿತ್ತು, ಈಗ ತೆಳ್ಳಗಾಗುತ್ತಿದೆ ಎಂದೆ. ತೆಳ್ಳಗೆ ಎಂದರೆ ಹೇಗೆ ಎಂದು ಕೇಳಿದರು. ಅರಿವೆ ಹರಿಯುವ ಹಾಗೆ ಎಂದೆ. ಒಂದು ಕ್ಷಣ ಅಷ್ಟೇ. ಆಮೇಲೆ ಅಪ್ಪ ಎಲ್ಲರಿಗೂ ಕೇಳುವಂತೆ, “ಮೇಷ್ಟ್ರೆ, ರೇಸ್ ಕಮ್ಮಿ ಮಾಡ್ರಿ. ಇಳಿಸ್ರಿ ಈಗ್ಲೇ” ಎಂದರು.

ಮೇಷ್ಟ್ರಿಗೆ ಇಳಿಸುವ ಮನಸ್ಸಿರಲಿಲ್ಲ, ಅದು ಈಗಷ್ಟೇ ನೇರವಾಗಿ ಹಾರತೊಡಗಿತ್ತು. ಚೆನ್ನಾಗೇ ಹೋಗ್ತಿದೆಯಲ್ಲ ಬಸಣ್ಣ ಎಂದರು. ಅಪ್ಪ ನನ್ನ ಕಡೆ ಬೆರಳು ತೋರಿಸಿದರು.

“ಇಲ್ಲ ಅಂತಾಳೆ ಇವಳು. ನಂಗೆ ಕಿವಿ ಕೇಳಲ್ಲ ಮೇಷ್ಟ್ರೆ, ಇವಳಿಗೆ ಕೇಳ್ತತಿ.”

ಬದುವಿನ ಮೇಲಿದ್ದವರಲ್ಲಿ ಒಬ್ಬರು ನಮ್ಮ ಅಂಗಡಿಯ ಗಿರಾಕಿ. ಅಪ್ಪ ಅವರನ್ನು ನೋಡಿದ್ದರು, ನೋಡಿಯೇ ಹೇಳಿದರು.

ಎಂಜಿನ್ ಓಡುತ್ತಿರುವಾಗಲೇ ವಿಮಾನ ನೆಲಕ್ಕೆ ಬಂತು, ಚಕ್ರದ ಮೇಲೆ ಬಂತು. ಅಪ್ಪ ಸಿಲಿಂಡರಿಗೆ ಬೆರಳು ತಾಗಿಸಿ ಹಿಂದಕ್ಕೆಳೆದುಕೊಂಡರು. ನೆಲದ ಮೇಲೆ ಸರಿಯಿದ್ದದ್ದು ಗಾಳಿಯಲ್ಲಿ ಸರಿಯಿರುವುದಿಲ್ಲ, ಹಾರುವಾಗ ಫ್ಯಾನಿನ ಮೇಲೆ ಭಾರ ಕಡಿಮೆಯಾಗಿ ಎಂಜಿನ್ ಇನ್ನೂ ಜೋರಾಗಿ ಓಡುತ್ತದೆ, ಅಷ್ಟಕ್ಕೆ ಪೆಟ್ರೋಲ್ ಸಾಲುವುದಿಲ್ಲ ಎಂದು ಮೇಷ್ಟ್ರು ಯೋಚಿಸಿ ಹೇಳಿದರು. ಕಳೆ ಮಷೀನು ನೆಲ ಬಿಟ್ಟು ಏಳುವುದಿಲ್ಲ, ನನ್ನ ಎಂಟನೇ ಒಂದು ಭಾಗ ಕಳೆ ಮಷೀನಿನದು. ಅದು ನನಗೂ ತಿಳಿದಿರಲಿಲ್ಲ, ಅಪ್ಪನಿಗೂ ತಿಳಿದಿರಲಿಲ್ಲ. ಎಂಜಿನ್ ಆರಲು ಬಿಟ್ಟು ಬದುವಿನ ಮೇಲೆ ಕೂತೆವು. ಯಾರೋ ಮಜ್ಜಿಗೆ ಕೊಟ್ಟರು. ಕಿವಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಗಿರಾಕಿ ಮಾತ್ರ, ಶಿವಮೊಗ್ಗದಲ್ಲಿ ತಮ್ಮ ಮಾವನ ಕಿವಿಗೆ ಮಷೀನು ಹಾಕಿಸಿದ್ದಾರೆ, ಮೊದಲು ಬಹಳ ಕಿರಿಕಿರಿ ಆಮೇಲೆ ರೂಢಿ ಆಗುತ್ತದಂತೆ ಎಂದು ಮಜ್ಜಿಗೆ ಲೋಟದೊಳಗೆ ನೋಡುತ್ತಾ ಹೇಳಿದರು. ಅಪ್ಪ ಹೂಂ ಎಂದರು.

ಎರಡನೇ ಸಲ ಸ್ಕ್ರೂ ತಿರುಗಿಸಿದ್ದು ಅಪ್ಪನೇ. ನಾನು ಪಕ್ಕದಲ್ಲಿ ಕೂತು ಗೊರಗೊರ ಬರುವವರೆಗೆ ಇನ್ನೂ ಹೊರಕ್ಕೆ ಎಂದು ಕೈಸನ್ನೆ ಮಾಡುತ್ತಾ, ಬಂದ ಮೇಲೆ ಅಂಗೈ ಎತ್ತಿದೆ. ಅವರ ಬೆರಳು ಅಲ್ಲೇ ನಿಂತಿತು. ನನ್ನ ಕೈಗಿಂತ ಅದು ಎಷ್ಟೋ ಹಗುರ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ.

ವಿಮಾನ ಮತ್ತೆ ಎದ್ದು ಕೆರೆಯ ಕಡೆ ಹೋಯಿತು. ಎಲ್ಲರೂ ಆ ಕಡೆ ನೋಡುತ್ತಿದ್ದರು. ಅಪ್ಪ ಮಾತ್ರ ಅದಕ್ಕೆ ಬೆನ್ನು ಹಾಕಿ ನನ್ನೆದುರು ನಿಂತರು. ಎಂಜಿನ್ ಹೇಗಿದೆ ಎಂದು ನನ್ನ ಮುಖದಲ್ಲೇ ನೋಡುತ್ತಿದ್ದರು. ಸದ್ದು ದಪ್ಪಗೆ, ಒಂದೇ ಸಮ ಬರುತ್ತಿತ್ತು. ಬಿಸಿಲು ನೇರವಾಗಿ ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ಎರಡು ತಿಂಗಳಿನ ನಿದ್ದೆಯೆಲ್ಲ ಒಟ್ಟಿಗೆ ರೆಪ್ಪೆಯ ಮೇಲೆ ಕೂತಿತ್ತು. ಆದರೆ ಮುಖ ಗಂಟಿಕ್ಕಿದರೆ ಎಂಜಿನ್ ಕೆಟ್ಟಿತೆಂದು ಅಪ್ಪ ತಿಳಿಯುತ್ತಾರೆ. ವಿಮಾನ ಇಳಿಯುವವರೆಗೂ ನಾನು ಕಣ್ಣು ಕಿರಿದು ಮಾಡಲಿಲ್ಲ.